ಬೀಗರು ಹೇಳಿಕೊಟ್ಟ ಗಾಲ್ಫ್

ಮೊನ್ನೆ ಚನ್ನಗಿರಿ ಬಸ್ ನಿಲ್ದಾಣದಲ್ಲಿ ನಮ್ಮೂರ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮಳೆಯೂ ಇರಲಿಲ್ಲ, ಅಂಥ ಬಿಸಿಲೂ ಇರಲಿಲ್ಲ. ಆದರೂ ಹೆಂಡತಿ ಕೈಗೊಂದು ಕೊಡೆ ಕೊಟ್ಟು ಕಳಿಸಿದ್ದಳು. ವಯಸ್ಸಾದ ಗಂಡಸಿನ ಕೈಯಲ್ಲಿ ಕೋಲಿನಂಥದ್ದು ಏನಾದರೂ ಇದ್ದರೆ ನಾಯಿ ದೂರ ಇರುತ್ತದೆ, ಮರ್ಯಾದೆ ಹತ್ತಿರ ಇರುತ್ತದೆ ಎಂಬುದು ಅವಳ ನಂಬಿಕೆ. ಬಸ್ಸು ಬರಲಿಲ್ಲ. ನಿಂತು ನಿಂತು ಬೇಸರವಾಗಿ, ನನಗೇ ಅರಿವಿಲ್ಲದೆ ಕೊಡೆಯನ್ನು ತಲೆಕೆಳಗು ಮಾಡಿ ಎರಡೂ ಕೈಯಲ್ಲಿ ಹಿಡಿದು, ಕಾಲು ಅಗಲಿಸಿ, ಸೊಂಟ ತಿರುಗಿಸಿ ಬೀಸಿಯೇ ಬಿಟ್ಟೆ. ಅದರ ಹಿಡಿಕೆ ಪಕ್ಕದಲ್ಲಿ ನಿಂತಿದ್ದವರ ಮಂಡಕ್ಕಿ ಪೊಟ್ಟಣಕ್ಕೆ ತಗುಲಿತು. ನಿಲ್ದಾಣದ ತುಂಬ ಮಂಡಕ್ಕಿ.

“ಏನ್ರೀ ಯಜಮಾನ್ರೇ, ಮೈಮೇಲೆ ದೇವ್ರು ಬಂದಾನೇನ್ರೀ?” ಎಂದರು ಆ ಮನುಷ್ಯ.

“ತಪ್ಪಾತ್ರೀ, ತಪ್ಪಾತು” ಎಂದೆ.

“ಹೋಗ್ಲಿ ಬಿಡ್ರಿ, ಅರ್ಧ ಉಳದೈತೆ” ಎಂದು ಅವರು ಉಳಿದದ್ದನ್ನು ಬಾಯಿಗೆ ಹಾಕಿಕೊಂಡರು.

ಬಸ್ಸಿನಲ್ಲಿ ಕುಳಿತ ಮೇಲೆ ಆ ಮಾತೇ ಕೊರೆಯತೊಡಗಿತು. ಗುರುತಿಲ್ಲದವರ ಮಂಡಕ್ಕಿ ಚೆಲ್ಲಿದ್ದಕ್ಕೆ ಇಷ್ಟು ಸಲೀಸಾಗಿ ಬಂದ ‘ತಪ್ಪಾತು’, ನಿಜವಾಗಿ ಹೇಳಬೇಕಾದವರ ಮುಂದೆ ಇದುವರೆಗೂ ನನ್ನ ಬಾಯಿಗೆ ಬಂದಿಲ್ಲ. ಅದಕ್ಕೇ ನಿಮ್ಮ ಮುಂದೆ ಕುಳಿತಿದ್ದೇನೆ. ನೀವು ನನಗೆ ಬೀಗರೂ ಅಲ್ಲ, ನೆಂಟರೂ ಅಲ್ಲ. ಕೇಳಿ ಮರೆತುಬಿಡಬಹುದು.

ನಾನು ಗಾಲ್ಫ್ ಆಡುತ್ತೇನೆ. ನಗುವವರು ನಕ್ಕುಬಿಡಿ. ನನ್ನದು ಎಸ್ಸೆಸ್ಸೆಲ್ಸಿ ಓದು. ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಂದು ಕೂಗುತ್ತಲೇ ಆಯುಷ್ಯ ಕಳೆದವನು. ಕೆಲಸ ಬಿಟ್ಟ ಮೇಲೆ ಹೆಂಡತಿಯ ತವರಾದ ಸೂಳೆಕೆರೆ ಪಕ್ಕದ ಹಳ್ಳಿಗೆ ಬಂದು ಸೇರಿದ್ದೇನೆ. ನಮ್ಮ ಕಡೆ ಗಾಲ್ಫ್ ಮೈದಾನ ಎಲ್ಲಿಂದ ಬರಬೇಕು? ಬೇಸಿಗೆ ಹತ್ತಿರ ಬಂದಂತೆ ಕೆರೆಯ ನೀರು ಹಿಂದೆ ಸರಿದು ದಂಡೆಯಲ್ಲಿ ಒಂದಿಷ್ಟು ಹುಲ್ಲುಗಾವಲು ಬಿಟ್ಟುಕೊಡುತ್ತದೆ. ಅಲ್ಲಿ ಕುರಿ ಮೇಯುತ್ತವೆ, ಮೀನಿನ ಬಲೆ ಒಣಗುತ್ತವೆ. ಬೆಳಗಾದರೆ ನಾನು ಒಂದು ಕಬ್ಬಿಣದ ಕೋಲು ಹಿಡಿದುಕೊಂಡು ಹೋಗಿ ಅಲ್ಲಿ ನಿಲ್ಲುತ್ತೇನೆ. ಆ ಕೋಲಿಗೆ ಏಳನೇ ನಂಬರ್ ಐರನ್ ಎಂದು ಹೆಸರು. ಉಳಿದ ನಂಬರುಗಳು ನನ್ನ ಬೀಗರ ಮನೆಯಲ್ಲಿವೆ.

ಬೀಗರು ಎಂದರೆ ನ್ಯಾಮತಿಯ ರುದ್ರಪ್ಪನವರು, ನನ್ನ ಮಗಳು ಮಂಜುಳಾಳ ಮಾವ. ಮಿಲಿಟರಿಯಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಉತ್ತರದ ಯಾವುದೋ ದಂಡಿನ ಊರಿನಲ್ಲಿ ಸಾಹೇಬರುಗಳ ಗಾಲ್ಫ್ ಮೈದಾನ ನೋಡಿಕೊಳ್ಳುವ ಕೆಲಸ ಅವರ ಪಾಲಿಗೆ ಬಂದು, ಹುಲ್ಲು ಕತ್ತರಿಸುತ್ತ ಕತ್ತರಿಸುತ್ತ ಆಟವನ್ನೂ ಕಲಿತರಂತೆ. ವರ್ಗವಾಗಿ ಹೋದ ಸಾಹೇಬರೊಬ್ಬರು ತಮ್ಮ ಹಳೆಯ ಕೋಲುಗಳನ್ನು ಚೀಲದ ಸಮೇತ ಕೊಟ್ಟು ಹೋಗಿದ್ದರು. ನ್ಯಾಮತಿಗೆ ಬಂದ ಮೇಲೂ ಜೋಳ ಕೊಯ್ದ ಹೊಲದ ಕೂಳೆಯ ನಡುವೆ ನಿಂತು ಒಬ್ಬರೇ ಹೊಡೆಯುತ್ತಿದ್ದರು. ನಾನೊಮ್ಮೆ ಹೋಗಿ ನೋಡಿದ್ದೆ. ಅದೇನು ಬೀಸು ಅಂತೀರಿ! ಅವಸರವಿಲ್ಲ, ಸಿಟ್ಟಿಲ್ಲ. ಕೋಲು ಹಿಂದಕ್ಕೆ ಹೋಗಿ, ಮೇಲೆ ಒಂದು ಗಳಿಗೆ ನಿಂತು, ತಾನಾಗಿಯೇ ಇಳಿದು ಬಂದಂತೆ ಬರುತ್ತಿತ್ತು. ಟಪ್ ಎಂದು ಒಂದು ಸಣ್ಣ ಸದ್ದು. ಚೆಂಡು ಆಗಲೇ ಆಕಾಶದಲ್ಲಿ.

ಬೀಸುವುದು ನಮಗೇನೂ ಹೊಸದಲ್ಲ ನೋಡಿ. ನಾನು ಹುಟ್ಟಿದ್ದು ಜಗಳೂರು ಸೀಮೆಯ ಬಿಳಿಚೋಡಿನಲ್ಲಿ. ಅಲ್ಲಿ ಎಲ್ಲರೂ ಏನಾದರೊಂದು ಬೀಸುವವರೇ. ನಮ್ಮವ್ವ ಒನಕೆ ಎತ್ತಿ ಕುಟ್ಟುವಾಗ ಒರಳಿನ ಕಡೆ ನೋಡುತ್ತಲೇ ಇರಲಿಲ್ಲ. ಪಕ್ಕದ ಮನೆಯಾಕೆಯ ಜೊತೆ ಇನ್ನೊಬ್ಬಳ ಸೊಸೆಯ ವಿಚಾರ ಮಾತಾಡುತ್ತಿರುತ್ತಿದ್ದಳು, ಒನಕೆ ತನ್ನ ಜಾಗಕ್ಕೆ ತಾನು ಬೀಳುತ್ತಿತ್ತು. ಅಪ್ಪ ಕೊಡಲಿ ಬೀಸಿದರೆ ಜಾಲಿಯ ಕೊರಡು ಒಂದೇ ಏಟಿಗೆ ಎರಡು. ಶಾಲೆಯ ಮೇಷ್ಟ್ರ ಬೆತ್ತದ ಬೀಸಿನ ಬಗ್ಗೆ ಹೇಳುವುದೇ ಬೇಡ, ಅದು ಗುರಿ ತಪ್ಪಿದ ದಿನ ನನಗೆ ನೆನಪಿಲ್ಲ. ಇಂಥ ಊರಿನಲ್ಲಿ ನಾನೊಬ್ಬನೇ ಬೀಸಲು ಬಾರದವನು. ಚಿನ್ನಿದಾಂಡು ಆಡುವಾಗ ನನ್ನನ್ನು ಯಾರೂ ತಮ್ಮ ಗುಂಪಿಗೆ ಕರೆಯುತ್ತಿರಲಿಲ್ಲ. ಸಜ್ಜೆ ತೆನೆಗೆ ಗುಬ್ಬಿ ಬರುವ ಕಾಲದಲ್ಲಿ ಅಪ್ಪ ನನ್ನನ್ನು ಹೊಲದ ಅಟ್ಟಣಿಗೆಯ ಮೇಲೆ ಕವಣೆ ಕೊಟ್ಟು ನಿಲ್ಲಿಸಿದ. ನಾನು ಬೀಸಿದ ಮೊದಲ ಕಲ್ಲು ಹಿಂದಕ್ಕೆ ಹಾರಿ, ಬದುವಿನ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ ಅಪ್ಪನ ಬೆನ್ನಿಗೇ ಬಿತ್ತು. “ಗುಬ್ಬಿ ತಿಂದ್ರೆ ತಿನ್ಲಿ, ನೀನು ಕೆಳಗಿಳಿ” ಎಂದ ಅಪ್ಪ.

ಕವಣೆಯ ಜೊತೆಗೇ ಈ ಬೀಸುವ ಉಸಾಬರಿ ಮುಗಿಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಬೀಗರಿಗೆ ಲಕ್ವ ಹೊಡೆಯಿತು.

ಬಲಗೈ, ಬಲಗಾಲು ಎರಡೂ ಹೋದವು. ಮಾತು ಬಿದ್ದುಹೋಯಿತು. ಶಿವಮೊಗ್ಗದ ಡಾಕ್ಟರು, ವ್ಯಾಯಾಮ ಮಾಡಿದರೆ ಬಹಳಷ್ಟು ವಾಪಸ್ಸು ಬರುತ್ತದೆ, ಮಾತೂ ಬರುತ್ತದೆ, ಆದರೆ ರೋಗಿ ಮನಸ್ಸು ಮಾಡಬೇಕು ಎಂದಿದ್ದರು. ರೋಗಿ ಮನಸ್ಸು ಮಾಡಲಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಣ್ಣುಮಗಳು ಕೈ ಹಿಡಿದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಬೀಗಿತ್ತಿ ತೀರಿಕೊಂಡು ವರ್ಷಗಳಾಗಿದ್ದವು. ಅಳಿಯನಿಗೆ ತನ್ನ ಗೊಬ್ಬರದ ಅಂಗಡಿ. ಎಲ್ಲ ಮಂಜುಳಾಳ ಮೇಲೆಯೇ ಬಿತ್ತು. ಅವಳು ಫೋನಿನಲ್ಲಿ, “ಅಪ್ಪಾಜಿ, ಮಾವ ಕಣ್ಣು ಬಿಟ್ಕಂಡೇ ಸಾಯಾಕೆ ಕುಂತಂಗೈತೆ. ನೀನಾದ್ರೂ ಬಾ” ಎಂದಳು.

ಹೋದೆ. ಹಾಸಿಗೆಯ ಪಕ್ಕ ಕುಳಿತೆ. ಏನು ಮಾತಾಡಬೇಕೋ ತಿಳಿಯಲಿಲ್ಲ. “ಮಳೆ ಹಿಂದಾತು” ಎಂದೆ, “ಅಡಿಕೆ ಧಾರಣೆ ಹೆಂಗೋ ಏನೋ” ಎಂದೆ. ಅವರು ಗೋಡೆ ನೋಡುತ್ತಿದ್ದರು. ಸುಮ್ಮನೆ ಕೂರಲಾಗದೆ ಎದ್ದವನು ಮೂಲೆಯಲ್ಲಿದ್ದ ಚೀಲದಿಂದ ಒಂದು ಕೋಲು ಎಳೆದುಕೊಂಡೆ. ಅವರು ಮಾಡುತ್ತಿದ್ದುದನ್ನು ನೆನಪಿಸಿಕೊಂಡು ಅಲ್ಲೇ ಒಂದು ಸಲ ಬೀಸಿದೆ. ಕೋಲು ಮಂಚದ ಕಾಲಿಗೆ ಬಡಿದು ಝಣ್ ಎಂದಿತು. ಅಡುಗೆ ಮನೆಯಿಂದ ಮಂಜುಳಾ ಓಡಿ ಬಂದಳು. ಆಗ ಹಾಸಿಗೆಯಿಂದ, ಬಾಯಿ ತುಂಬ ಹಿಟ್ಟು ಇಟ್ಟುಕೊಂಡವರು ಮಾತಾಡಿದಂತೆ, ಒಂದು ಸದ್ದು ಬಂತು.

“ತ... ಲೆ.”

ನಾವಿಬ್ಬರೂ ತಿರುಗಿದೆವು.

“ತಲೆ... ಎತ್ತ... ಬ್ಯಾಡ್ರಿ.”

ಲಕ್ವ ಹೊಡೆದ ಮೇಲೆ ಅವರಾಡಿದ ಮೊದಲ ಮಾತು ಅದು. ಮಂಜುಳಾ ಬಾಗಿಲಲ್ಲೇ ಕುಸಿದು ಕುಳಿತು ಅತ್ತಳು. ನಾನು ಮತ್ತೆ ಬೀಸಿದೆ. ಅವರು ಮತ್ತೆ, “ಎತ್ತಿದ್ರಿ” ಎಂದರು. ಬೀಗರ ಮುಂದೆ ಹೆಣ್ಣಿನ ತಂದೆ ತಲೆ ಎತ್ತುವುದು ಎಲ್ಲಿಯಾದರೂ ಉಂಟೇ? ಮಗಳ ಮದುವೆಯಾದ ದಿನದಿಂದ ತಗ್ಗಿಸಿದ್ದ ನನ್ನ ತಲೆ ಆ ಕೋಲು ಹಿಡಿದಾಗ ಮಾತ್ರ ತಾನಾಗಿ ಮೇಲೇಳುತ್ತಿತ್ತು.

ಅದಕ್ಕೆ ಕಾರಣ ಆಮೇಲೆ ತಿಳಿಯಿತು. ಗಾಲ್ಫಿನಲ್ಲಿ ಚೆಂಡಿಗೆ ಪೆಟ್ಟು ಬೀಳುವವರೆಗೂ ಕಣ್ಣು ಚೆಂಡಿನ ಮೇಲೇ ಇರಬೇಕು, ಎಡ ಮೊಳಕೈ ನೆಟ್ಟಗಿರಬೇಕು, ಮೈಭಾರ ಬಲಗಾಲಿನಿಂದ ಎಡಗಾಲಿಗೆ ಹರಿಯಬೇಕು. ಕಂಡಕ್ಟರನ ಮೈ ಇದಕ್ಕೆಲ್ಲ ತದ್ವಿರುದ್ಧವಾಗಿ ಪಳಗಿದ್ದು. ಎಡ ಮೊಳಕೈ ಮಡಚಿ ಟಿಕೆಟ್ ಪುಸ್ತಕ ಹಿಡಿಯಬೇಕು. ಸೊಂಟವನ್ನು ಸೀಟಿಗೆ ಒತ್ತಿ ಅಲುಗಾಡದಂತೆ ನಿಲ್ಲಬೇಕು. ಕಣ್ಣು ಕೈಯಲ್ಲಿರುವುದನ್ನು ಬಿಟ್ಟು ಸದಾ ಬಾಗಿಲ ಕಡೆ ಇರಬೇಕು, ಯಾರು ಹತ್ತಿದರು, ಯಾರು ಇಳಿದರು ಎಂದು. ಚೆಂಡಿಗೆ ಕೋಲು ತಾಗುವ ಮೊದಲೇ ಅದು ಯಾವ ಸ್ಟಾಪಿನಲ್ಲಿ ಇಳಿಯಿತೆಂದು ನೋಡುವ ಆತುರ ನನಗೆ.

ಆ ದಿನ ಬರುವಾಗ ಬೀಗರು ಏಳನೇ ನಂಬರಿನ ಕೋಲನ್ನೂ ಒಂದಿಷ್ಟು ಚೆಂಡುಗಳನ್ನೂ ಕೊಡಿಸಿದರು. ಅಂದಿನಿಂದ ಬೆಳಗಿನ ಪಾಠ ಫೋನಿನಲ್ಲಿ ಶುರುವಾಯಿತು.

“ಹೊಡದ್ರಾ?”

“ಹೊಡದೆ ಬೀಗ್ರೇ.”

“ಎಲ್ಲಿಗೆ ಹೋತು?”

“ಹೋಗಿಲ್ರೀ. ಇಲ್ಲೇ ಐತೆ, ನನ್ನ ಕಾಲತ್ರ.”

ಅವರು ನಗುತ್ತಿದ್ದರು. ಅರ್ಧ ಬಾಯಿಯ ನಗು, ಫೋನಿನಲ್ಲಿ ಬುಸ್ ಎಂದು ಕೇಳುತ್ತಿತ್ತು. ಆಮೇಲೆ ಒಂದೊಂದೇ ಅಕ್ಷರ ಕಿತ್ತು ಕಿತ್ತು ಪಾಠ ಹೇಳುತ್ತಿದ್ದರು. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಹೆಂಡತಿ ತಂದ ಕಾಫಿ ಆರಿರುತ್ತಿತ್ತು. ಆದರೆ ಮಾತಾಡುತ್ತಿದ್ದರಲ್ಲ!

ಹುಲ್ಲುಗಾವಲಿನಲ್ಲಿ ನನ್ನ ಪಾಡು ಬೇರೆ. ಅಲ್ಲಿ ಕುರಿ ಕಾಯುವ ಹನುಮಕ್ಕ ಮೊದಲ ದಿನ ದೂರದಿಂದ ನೋಡಿ, “ಕಂಡಕ್ಟ್ರಣ್ಣಾ, ಹಾವು ಬಂದೈತೇನು? ತಡಿ ನಾ ಬತ್ತೀನಿ!” ಎಂದು ಕೋಲು ಹಿಡಿದು ಓಡಿ ಬಂದಳು. ಹಾವಿಲ್ಲ, ಆಟ ಎಂದು ತಿಳಿದ ಮೇಲೆ ಅವಳಿಗೆ ದಿನವೂ ತಮಾಷೆ. “ಚೆಂಡಿಗೆ ಟಿಕೆಟ್ ಕೊಟ್ಟಿಲ್ಲೇನಣ್ಣಾ? ಹೊಂಟೇ ಇಲ್ಲ ಅದು!” ಎನ್ನುವಳು. ನಾನು ನೆಲ ಅಗೆದ ಜಾಗ ನೋಡಿ, “ಇಷ್ಟು ಅಗೆದೋನು ನಾಕು ಬದನೆ ಸಸಿ ಊರಿದ್ರೆ ಕಾಯಿನಾದ್ರೂ ಬರ್ತಿತ್ತು” ಎನ್ನುವಳು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಬೆನ್ನಿಗೆ ಹೆಂಡತಿ ಎಣ್ಣೆ ತಿಕ್ಕುತ್ತ, “ಪೊರಕೆ ಹಿಡಿದು ಅಂಗಳ ಗುಡಿಸ್ರಿ ಅಂದ್ರೆ ಬಗ್ಗಾಕಾಗಲ್ಲ. ಇದಕ್ಕೆ ಹೆಂಗೆ ಬಗ್ತೀರೋ” ಎನ್ನುತ್ತಿದ್ದಳು. ಬೀರುವಿನ ಕನ್ನಡಿಯ ಮುಂದೆ ನಿಂತು ಬೀಸು ಅಭ್ಯಾಸ ಮಾಡಿದೆ. ಕನ್ನಡಿಯಲ್ಲಿ ಕಂಡವನು ಗಾಲ್ಫ್ ಆಡುವವನಂತಿರಲಿಲ್ಲ; ತುಂಬಿದ ಬಸ್ಸಿನಲ್ಲಿ ಬಿದ್ದುಹೋಗುತ್ತಿರುವವನಂತಿದ್ದ.

ಹೀಗೇ ನಡೆದಿದ್ದರೆ ಚೆನ್ನಾಗಿತ್ತು. ಒಂದು ಬೆಳಿಗ್ಗೆ, ‘ಇವತ್ತೂ ಇಲ್ಲ’ ಎಂದಾಗ ಬೀಗರು ನಗಲಿಲ್ಲ. “ಬೀಗ್ರೇ, ಕೈ ಹೋತು, ಕಾಲು ಹೋತು. ಹೇಳಿಕೊಡೋ ಬುದ್ಧೀನೂ ಹೋತು ಅನ್ಸುತ್ತೆ. ನಾಳೆಯಿಂದ ಬ್ಯಾಡ ಬಿಡ್ರಿ” ಎಂದರು.

ನನ್ನ ಬಾಯಿಂದ ಥಟ್ಟನೆ ಬಂತು: “ಇಲ್ರೀ ಬೀಗ್ರೇ, ತಮಾಷೆಗೆ ಹಂಗಂದೆ. ಇವತ್ತು ಒಂದು ಹೋತು ನೋಡ್ರಿ! ಹೊಂಗೆಮರ ದಾಟ್ತು.”

ಹುಲ್ಲುಗಾವಲಿನ ಆ ಕೊನೆಗೆ ಒಂದು ಹೊಂಗೆಮರವಿದೆ. ನನ್ನ ಚೆಂಡು ಅದರ ನೆರಳಿನ ಹತ್ತಿರವೂ ಹೋದದ್ದಿಲ್ಲ.

ಈ ಸುಳ್ಳು ಎಲ್ಲಿಂದ ಬಂತು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಕಂಡಕ್ಟರನ ನಾಲಿಗೆ ಹುಟ್ಟಾ ಸುಳ್ಳಿನದು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ “ಮುಂದೆ ಖಾಲಿ ಐತೆ, ಹೋಗ್ರಿ ಹೋಗ್ರಿ” ಎನ್ನುವವರು ನಾವು. ಡ್ರೈವರ್ ಹೋಟೆಲಿನಲ್ಲಿ ದೋಸೆಗೆ ಹೇಳಿ ಕುಳಿತಿದ್ದರೂ “ಈಗ ಬಿಡ್ತೈತೆ, ಹತ್ರಿ” ಎನ್ನುವವರು. ಅದಕ್ಕಿಂತ ಹಳೆಯದು ಹೆಣ್ಣು ಕೊಟ್ಟವರ ಸುಳ್ಳು. ನಮ್ಮ ಕಡೆ ಹೆಣ್ಣಿನ ತಂದೆಯ ಬಾಯಲ್ಲಿ ಬೀಗರ ಮುಂದೆ ‘ಚೆನ್ನಾಗೈತೆ’ ಬಿಟ್ಟು ಬೇರೆ ಮಾತು ಬರಬಾರದು. ಬೀಗರು ಕೆಟ್ಟವರೆಂದಲ್ಲ. ರುದ್ರಪ್ಪನವರು ನನ್ನಿಂದ ಏನನ್ನೂ ಕೇಳಿದವರಲ್ಲ, ಕೂತು ಮಾತಾಡ್ರಿ ಎಂದು ಕೈಹಿಡಿದು ಎಳೆಯುವವರು. ಆದರೂ ನನ್ನ ಸೊಂಟ ಅವರ ಮುಂದೆ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವರ ಮನೆಯಲ್ಲಿ ಉಣ್ಣುವಾಗ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. “ಹೆಂಗೈತ್ರೀ?” ಎಂದರು ಬೀಗಿತ್ತಿ. “ಬಹಳ ಚೆನ್ನಾಗೈತೆ” ಎಂದು ಇನ್ನೊಂದು ಸೌಟು ಹಾಕಿಸಿಕೊಂಡು ಕುಡಿದೆ. ನಮ್ಮ ಬೀಗರಿಗೆ ಉಪ್ಪು ಮುಂದಾಗಿರಬೇಕು ಎಂದು ತಿಳಿದ ಆ ತಾಯಿ ತೀರಿಕೊಳ್ಳುವವರೆಗೂ ನಾನು ಹೋದಾಗಲೆಲ್ಲ ಸಾರಿಗೆ ಒಂದು ಚಿಟಿಕೆ ಹೆಚ್ಚಿಗೆ ಹಾಕಿಸುತ್ತಿದ್ದರು. ನಾನೂ ಕುಡಿಯುತ್ತಿದ್ದೆ. ನನ್ನ ಬಿ.ಪಿ.ಗೆ ಇದೇ ಮೂಲ ಎಂದು ಹೆಂಡತಿ ಹೇಳುತ್ತಾಳೆ.

ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ಅದೂ ಒಂದು ಸುಳ್ಳೇ. ನಿಜ ಹೇಳುತ್ತೇನೆ. ಹೊಂಗೆಮರ ದಾಟಿತು ಎಂದಾಗ ಬೀಗರು ಫೋನಿನಲ್ಲಿ “ಶಹಬ್ಬಾಸ್!” ಎಂದರು. ಮಾತು ತೊದಲಲೇ ಇಲ್ಲ. ಕಂಡಕ್ಟರನಿಗೆ ಯಾರು ಶಹಬ್ಬಾಸ್ ಹೇಳುತ್ತಾರೆ? ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಡ್ರೈವರನ ಹೆಚ್ಚುಗಾರಿಕೆ, ತಡವಾದರೆ ಬೈಗುಳ ನನಗೆ. ಆ ಮಾತಿಗೆ ಮೈ ಸಣ್ಣಗೆ ಬೆಚ್ಚಗಾಯಿತು. ಮರುದಿನ ಅದಕ್ಕಾಗಿಯೇ ಕಾದೆ. ಅವರ ಸಲುವಾಗಿ ಹೇಳಿದ ಸುಳ್ಳು ಒಂದೇ. ಉಳಿದವೆಲ್ಲ ನನ್ನ ಸಲುವಾಗಿ.

ಚೆಂಡು ದಿನದಿಂದ ದಿನಕ್ಕೆ ದೂರ ಹೋಗತೊಡಗಿತು. ಮರ ದಾಟಿತು, ಮರದಾಚೆಯ ಬಂಡೆ ಮುಟ್ಟಿತು, ಒಂದು ದಿನ ಕೆರೆಯ ನೀರಿಗೇ ಬಿತ್ತು. “ಅಷ್ಟು ದೂರಾನಾ?” ಎಂದು ಬೀಗರು ಮಗುವಿನಂತೆ ಹಿಗ್ಗಿದರು. ನ್ಯಾಮತಿಯಲ್ಲಿ ಅವರು ಎದ್ದು ಕುಳಿತರು. ವ್ಯಾಯಾಮದ ಹೆಣ್ಣುಮಗಳು ಬಂದರೆ ತಾವೇ ಕೈ ಮುಂದೆ ಮಾಡಿದರು. “ಅಪ್ಪಾಜಿ, ಮಾವ ಇವತ್ತು ಬಾಗಿಲ ತನಕ ನಡದ್ರು! ಬೀಗ್ರು ಈ ವಯಸ್ಸಿಗೆ ಹೊಸದು ಕಲಿತಾರೆ, ನಂಗೆ ಹಳೇದು ಬರಲ್ವಾ ಅಂತಾರೆ” ಎಂದು ಮಂಜುಳಾ ಅಳುತ್ತ ನಗುತ್ತ ಹೇಳಿದಳು. ಅಂದಿನಿಂದ ಸುಳ್ಳನ್ನು ನಿಜ ಮಾಡಿಬಿಡಬೇಕೆಂದು ಬೆಳಿಗ್ಗೆಯೂ ಸಂಜೆಯೂ ಹೋಗಿ ಬೀಸಿದೆ. ತಲೆ ಎತ್ತಬಾರದೆಂದು ಗದ್ದಕ್ಕೆ ಟವಲು ಕಟ್ಟಿಕೊಂಡೆ. ಮೊಳಕೈ ಮಡಚಬಾರದೆಂದು ರಟ್ಟು ಸುತ್ತಿದೆ. ಚೆಂಡು ಒಮ್ಮೆ ಎಡಕ್ಕೆ ಉರುಳಿತು, ಒಮ್ಮೆ ಬಲಕ್ಕೆ ಉರುಳಿತು. ಹಾರಲಿಲ್ಲ.

ಒಂದು ಬೆಳಿಗ್ಗೆ ಫೋನ್ ಬರಲಿಲ್ಲ. ನಾನು ಹುಲ್ಲುಗಾವಲಿನಲ್ಲಿದ್ದೆ. ಏರಿಯ ಕಡೆಯಿಂದ ಒಂದು ಬಾಡಿಗೆ ಕಾರು ಇಳಿದು ಬಂತು. ಮಂಜುಳಾ ಇಳಿದಳು. ಹಿಂದಿನ ಬಾಗಿಲಿನಿಂದ ಒಂದು ಊರುಗೋಲು, ಆಮೇಲೆ ಒಂದು ಕಾಲು, ಆಮೇಲೆ ಬೀಗರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಮಿಲಿಟರಿಯ ಹಳೆಯ ಟೋಪಿ. ಕಾಲನ್ನು ಎಳೆದು ಎಳೆದು ಇಡುತ್ತ, ಆದರೆ ತಾವೇ, ಹುಲ್ಲಿನ ಮೇಲೆ ನಡೆದು ಬಂದರು.

“ಹೇಳದೇ ಬಂದೆ ಬೀಗ್ರೇ. ಕಣ್ತುಂಬ ನೋಡಬೇಕು ಅನ್ನಿಸ್ತು. ಹೊಡೀರಿ ಒಂದು.”

“ಮೊದ್ಲು ಮನೀಗೆ ಬರ್ರಿ, ಕಾಫಿ...”

“ಕಾಫಿ ಎಲ್ಲಿಗೂ ಹೋಗಲ್ಲ. ಹೊಡೀರಿ.”

ನಿಂತೆ. ದೇವರೇ, ಇದೊಂದು ಸಲ, ಎಂದು ಬೇಡಿಕೊಂಡು ಬೀಸಿದೆ. ಕೋಲು ಗಾಳಿಗೆ ಹೋಯಿತು. ಎರಡನೆಯದು ನೆಲಕ್ಕೆ ಬಿದ್ದು ಮಣ್ಣು ಹಾರಿತು. ಮೂರನೆಯದಕ್ಕೆ ಚೆಂಡು ತಗುಲಿ, ಕುರಿಯ ಹಿಕ್ಕೆಯ ನಡುವೆ ಸ್ವಲ್ಪ ದೂರ ಉರುಳಿ ನಿಂತಿತು.

“ನನ್ನ ಕಂಡು ಅಂಜಿಕೊಂಡಾರೆ” ಎಂದು ಬೀಗರು ನಕ್ಕರು. ಪಾಪ, ನನ್ನ ಮಾನ ಉಳಿಸಲೆಂದು ಅಲ್ಲೇ ಇದ್ದ ಹನುಮಕ್ಕನನ್ನು ಕರೆದರು. “ಏನವ್ವಾ, ದಿನಾ ಇಲ್ಲೇ ಇರ್ತೀಯಲ್ಲ. ಉಳಿದ ದಿನ ಇವ್ರ ಚೆಂಡು ಆ ಮರದಾಚೆ ಎಲ್ಲಿ ಬೀಳುತ್ತೆ, ತೋರ್ಸು.”

“ಮರದಾಚೇನಾ?” ಹನುಮಕ್ಕ ಸೆರಗು ಬಾಯಿಗಿಟ್ಟು ನಕ್ಕಳು. “ಅಯ್ಯ ಯಜಮಾನ್ರೇ, ನಮ್ಮ ಕುಂಟ ಕುರಿ ಆ ಮರ ದಾಟೈತೆ, ಈ ಅಣ್ಣನ ಚೆಂಡು ದಾಟಿದ್ದು ನಾನೊಂದಿನಾನೂ ನೋಡಿಲ್ಲ. ಇವತ್ತೇ ವಾಸಿ, ಉರುಳೈತೆ!”

ಅವಳದೇನೂ ತಪ್ಪಿಲ್ಲ. ದಿನವೂ ಆಡುವ ತಮಾಷೆಯನ್ನೇ ಆಡಿದಳು. ಬೀಗರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ. ತಮ್ಮ ಬಲಗಾಲನ್ನು, ಅದು ಬೇರೆ ಯಾರದೋ ಎಂಬಂತೆ, ಸ್ವಲ್ಪ ಹೊತ್ತು ನೋಡಿದರು.

“ಮಂಜುಳಾ.”

“ಏನ್ ಮಾವ?”

“ಮೊನ್ನೆ ಬಾಗಿಲ ತನಕ ನಾನೊಬ್ಬನೇ ನಡದೆ ಅಂದ್ಯಲ್ಲ. ಹಿಂದಿಂದ ಹಿಡ್ಕಂಡಿದ್ಯಾ?”

“ಇಲ್ಲ ಮಾವ! ನಿಜವಾಗ್ಲೂ ನೀವೇ ನಡದ್ರಿ.”

“ಮಾತು ತಿಳಿಯಂಗೆ ಆಡ್ತೀನಿ ಅಂದ್ಯಲ್ಲ?”

“ಆಡ್ತೀರಿ ಮಾವ. ಎಲ್ಲಾ ತಿಳಿಯುತ್ತೆ.”

ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು. “ಈ ಅಪ್ಪನ ಮಗಳಲ್ಲವೇನವ್ವಾ ನೀನು” ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲಿಗೆ ಬೀಳಬಹುದಿತ್ತು. ಮಂಜುಳಾಳ ಮುಖ ಸುಣ್ಣವಾಯಿತು. ಹೆಣ್ಣಿನ ತಂದೆಯಾಗಿ ನಾನು ಇಷ್ಟು ವರ್ಷ ತಲೆ ತಗ್ಗಿಸಿದ್ದು ಅವಳ ಮಾತಿಗೆ ಆ ಮನೆಯಲ್ಲಿ ಬೆಲೆ ಇರಲೆಂದು. ಆ ಬೆಲೆಯನ್ನು ಅವಳ ಕಣ್ಣೆದುರಿಗೇ ಕಳೆದಿದ್ದೆ.

“ಬೀಗ್ರೇ, ನೀವು ನಡೀತಿರೋದು ನಿಜ, ನನ್ನಾಣೆ” ಎಂದೆ. ಅವರು ತಲೆಯಾಡಿಸಿದರು, ಸಣ್ಣ ಮಕ್ಕಳ ಮಾತಿಗೆ ಆಡಿಸುವಂತೆ. ಕಾರಿನವರೆಗೆ ಹೋಗುವಾಗ ಒಬ್ಬರೇ ನಡೆಯಲಿಲ್ಲ. ಮಂಜುಳಾಳ ಭುಜ ಹಿಡಿದುಕೊಂಡರು.

ಮನೆಗೆ ಬಂದರು. ಹೆಂಡತಿ ಅವಸರದಲ್ಲಿ ಉಪ್ಪಿಟ್ಟು ಮಾಡಿದ್ದಳು. ಎರಡು ತುತ್ತು ತಿಂದು, ಅವಳು ಕೇಳುವ ಮೊದಲೇ, “ಚೆನ್ನಾಗೈತ್ರಮ್ಮಾ, ಬಹಳ ಚೆನ್ನಾಗೈತೆ” ಎಂದು ತಟ್ಟೆ ಸರಿಸಿದರು.

ಈಗ ಅವರು ಮತ್ತೆ ಹಾಸಿಗೆಯಲ್ಲಿದ್ದಾರೆ. ವ್ಯಾಯಾಮದ ಹೆಣ್ಣುಮಗಳು ಬರುವುದನ್ನು ನಿಲ್ಲಿಸಿದ್ದಾಳೆ. ಡಾಕ್ಟರು, ಬಂದ ಶಕ್ತಿ ಬಳಸದಿದ್ದರೆ ವಾಪಸ್ಸು ಹೋಗುತ್ತದೆ ಎಂದರಂತೆ, ಹೋಗುತ್ತಿದೆ. ಮಂಜುಳಾ ನನ್ನನ್ನು ಒಂದು ಮಾತೂ ಅಂದಿಲ್ಲ. ಒಮ್ಮೆ ಮಾತ್ರ, “ಅಪ್ಪಾಜಿ, ಇವತ್ತು ಮುಖದಲ್ಲಿ ಕಳೆ ಐತೆ ಮಾವ ಅಂದ್ರೆ ನನ್ನ ನೋಡಿ ನಗ್ತಾರೆ. ಆ ನಗೆ ನೋಡಾಕಾಗಲ್ಲ” ಎಂದಳು. ಅವಳಿಗೆ ಆ ಮನೆಯಲ್ಲಿ ಹೇಳಲು ಇನ್ನೇನೂ ಉಳಿದಿಲ್ಲ.

ನಾನು ಈಗಲೂ ದಿನವೂ ಬೀಸುತ್ತೇನೆ. ಅಭ್ಯಾಸ ಎಂದರೆ ಅಭ್ಯಾಸ, ಶಿಕ್ಷೆ ಎಂದರೆ ಶಿಕ್ಷೆ. ಮುಗಿದ ಮೇಲೆ ನ್ಯಾಮತಿಗೆ ಫೋನ್ ಮಾಡುತ್ತೇನೆ. ಮಂಜುಳಾ ಫೋನನ್ನು ಮಾವನ ಕಿವಿಯ ಹತ್ತಿರ ಇಡುತ್ತಾಳೆ. ನಾನು ನಡೆದದ್ದನ್ನು ನಡೆದಂತೆ ಒಪ್ಪಿಸುತ್ತೇನೆ: ಗಾಳಿಗೆ ಹೋತು, ನೆಲಕ್ಕೆ ಬಿತ್ತು, ಉರುಳ್ತು. ಆ ಕಡೆಯಿಂದ ಉಸಿರು ಕೇಳುತ್ತದೆ, ಅಷ್ಟೇ. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆಯುತ್ತೇನೆ. ಹೆಣ್ಣು ಕೊಟ್ಟವನು ಆಡುವ ಎಲ್ಲ ಮಾತಿನ ಹಾಗೆ ಅದೂ ಬರೀ ಬಾಯುಪಚಾರವಾಗಿ ಕೇಳಿಸೀತೆಂದು ಮುಚ್ಚಿಕೊಳ್ಳುತ್ತೇನೆ.

ಇಂದು ಬೆಳಿಗ್ಗೆ ಹುಲ್ಲುಗಾವಲಿನಲ್ಲಿ ಯಾರೂ ಇರಲಿಲ್ಲ. ಹನುಮಕ್ಕ ಕುರಿ ಹೊಡೆದುಕೊಂಡು ಏರಿಯಾಚೆ ಹೋಗಿದ್ದಳು. ಯಾವ ಆಸೆಯೂ ಇಲ್ಲದೆ ನಿಂತೆ. ಚೆಂಡು ಎಲ್ಲಿಗೆ ಹೋಗುತ್ತದೆಂದು ನೋಡುವ ಆತುರವೂ ಇರಲಿಲ್ಲ. ಕೋಲು ಹಿಂದಕ್ಕೆ ಹೋಗಿ, ಮೇಲೆ ಒಂದು ಗಳಿಗೆ ನಿಂತು, ಇಳಿಯಿತು. ಟಪ್ ಎಂದಿತು. ಅಂಗೈಗೆ ಏನೂ ತಾಗಲೇ ಇಲ್ಲ. ತಲೆ ಎತ್ತುವ ಹೊತ್ತಿಗೆ ಚೆಂಡು ಆಕಾಶದಲ್ಲಿ ಸಣ್ಣದಾಗಿ, ಬಿಳಿಯಾಗಿ, ಹೊಂಗೆಮರದ ನೆತ್ತಿಯ ಮೇಲಿಂದ ಹೋಗುತ್ತಿತ್ತು. ಎಲ್ಲಿ ಬಿತ್ತೋ, ಎಷ್ಟು ಹುಡುಕಿದರೂ ಸಿಗಲಿಲ್ಲ. ನೀವಾದರೂ ನಂಬುತ್ತೀರೋ ಇಲ್ಲವೋ.

ಅಲ್ಲಿಂದಲೇ ಫೋನ್ ಮಾಡಿದೆ. ಉಸಿರು ಕೇಳಿಸಿತು. ಹೊಂಗೆಮರ ದಾಟ್ತು ಎಂಬ ಮಾತು ಬಾಯಿಗೆ ಬಂತು. ಆ ಮಾತು ಅವರ ಕಿವಿಗೆ ಹೇಗೆ ಕೇಳೀತು, ಅವರು ಹೇಗೆ ನಕ್ಕಾರು, ಪಕ್ಕದಲ್ಲಿ ನಿಂತ ಮಗಳ ಮುಖ ಏನಾದೀತು ಎಂಬ ಮೂರೂ ಕಣ್ಣ ಮುಂದೆ ಬಂದವು.

“ಇವತ್ತೂ ಆಗ್ಲಿಲ್ಲ ಬೀಗ್ರೇ” ಎಂದೆ.

ಫೋನ್ ಮಂಜುಳಾಳ ಕೈಗೆ ಹೋಯಿತು. “ಮಾವ ಆಕಡೆ ತಿರುಗಿದ್ರು ಅಪ್ಪಾಜಿ” ಎಂದಳು. ಆಮೇಲೆ ದನಿ ತಗ್ಗಿಸಿ, “ನಾಳೆ ಮಾಡ್ತೀಯಲ್ಲ?”

“ಮಾಡ್ತೀನವ್ವಾ” ಎಂದೆ.